ಶಸ್ತ್ರಕ್ರಿಯೆಯಿಲ್ಲದೆ ನಾಯಿಗಳ ಸಂತಾನಹರಣ: ಕರಾವಳಿಯ ಹಳ್ಳಿಗಳಿಗೆ ಎಷ್ಟು ಉಪಯುಕ್ತ?

ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ ನಾಯಿಯಿಲ್ಲದ ಒಕ್ಕಲುಮನೆ ಅಪರೂಪ. ಗದ್ದೆಗೆ ಇಳಿಯುವ ಕಾಡುಹಂದಿ, ತೆಂಗು ಬಾಳೆಗಳಿಗೆ ಬರುವ ಮಂಗ, ಕೊಟ್ಟಿಗೆಯ ಸುತ್ತ ಸುಳಿಯುವ ಚಿರತೆ ಇವುಗಳ ಸುಳಿವನ್ನು ಮೊದಲು ಕೊಡುವುದು ನಾಯಿಯೇ. ಆದರೆ ಹಳ್ಳಿಗಳಲ್ಲಿ ನಾಯಿಯನ್ನು ಕಟ್ಟಿ ಸಾಕುವ ರೂಢಿ ಕಡಿಮೆ. ಮನೆಯಲ್ಲಿ ಉಂಡು ಊರೆಲ್ಲ ತಿರುಗುವ ಈ ನಾಯಿಗಳು ಊರೆಲ್ಲ ಮರಿಗಳನ್ನೂ ಹುಟ್ಟಿಸುತ್ತವೆ. ಗಂಡು ಮರಿಯನ್ನು ಯಾರಾದರೂ ಕೇಳಿ ಒಯ್ಯುತ್ತಾರೆ. ಹೆಣ್ಣು ಮರಿಗಳು ಉಳಿದುಹೋಗುತ್ತವೆ. ಅವುಗಳನ್ನು ಗೋಣಿಚೀಲದಲ್ಲಿ ಹಾಕಿ ಪೇಟೆಯ ಮೀನು ಮಾರುಕಟ್ಟೆಯ ಬಳಿಯೋ ಹೆದ್ದಾರಿಯ ಬದಿಯಲ್ಲೋ ಬಿಟ್ಟು ಬರುವುದುಂಟು. ಪೇಟೆಯ ಬೀದಿನಾಯಿಗಳೆಂದು ದೂರಲ್ಪಡುವ ನಾಯಿಗಳಲ್ಲಿ ಎಷ್ಟೋ ಒಂದು ಕಾಲಕ್ಕೆ ಯಾವುದೋ ಮನೆಯ ಅಂಗಳದಲ್ಲಿ ಹುಟ್ಟಿದವೇ ಆಗಿರುತ್ತವೆ.

ಇದರ ಪರಿಣಾಮ ಕಡಿತ, ಕರುಗಳ ಮೇಲಿನ ದಾಳಿ, ಎಲ್ಲಕ್ಕಿಂತ ಮಿಗಿಲಾಗಿ ರೇಬೀಸ್ ಎಂಬ ಹುಚ್ಚುನಾಯಿ ರೋಗ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಈ ರೋಗದಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಸತ್ತವರಲ್ಲಿ ದೊಡ್ಡ ಪಾಲು ಹಳ್ಳಿಯವರದು, ಅದರಲ್ಲೂ ಮಕ್ಕಳದು.

ನಾಯಿಗಳ ಸಂತಾನಹರಣದ ಮಾತು ಬಂದಾಗಲೆಲ್ಲ ರೈತರು ಕೇಳುವ ಪ್ರಶ್ನೆಯೊಂದಿದೆ. ಹೋರಿಗೆ ಚಾಕು ತಾಗಿಸದೆ ಇಕ್ಕಳದಿಂದ ಕ್ಷಣದಲ್ಲಿ ಬೀಜ ಒಡೆಯುತ್ತಾರಲ್ಲ, ನಾಯಿಗೂ ಹಾಗೆಯೇ ಸುಲಭವಾದ ಉಪಾಯ ಏಕಿಲ್ಲ? ಒಂದು ಸೂಜಿಮದ್ದು ಏಕಾಗದು? ಪ್ರಶ್ನೆ ನ್ಯಾಯವಾದುದೇ. ಉತ್ತರ ಮಾತ್ರ ಗಂಡಿಗೊಂದು, ಹೆಣ್ಣಿಗೊಂದು.

ಹೋರಿಯ ಇಕ್ಕಳ, ನಾಯಿಯ ಸೂಜಿ

ಇಟಲಿಯ ಪಶುವೈದ್ಯ ನೆಪೋಲಿಯೋನ್ ಬರ್ಡಿಜೋ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಇಕ್ಕಳವೇ ಇಂದಿಗೂ ನಮ್ಮ ಪಶು ಆಸ್ಪತ್ರೆಗಳಲ್ಲಿರುವುದು. ಇದು ಚರ್ಮವನ್ನು ಕತ್ತರಿಸದೆ ಒಳಗಿನ ವೀರ್ಯನಾಳ ಮತ್ತು ರಕ್ತನಾಳಗಳನ್ನು ಮಾತ್ರ ಜಜ್ಜುತ್ತದೆ. ರಕ್ತದ ಪೂರೈಕೆ ನಿಂತ ಬೀಜ ಕೆಲವು ವಾರಗಳಲ್ಲಿ ಒಣಗಿ ಕುಗ್ಗುತ್ತದೆ. ಎಡ ಬಲಗಳನ್ನು ಬೇರೆ ಬೇರೆಯಾಗಿ, ಒಂದೇ ಗೆರೆಯಲ್ಲಿ ಬಾರದಂತೆ ಹಿಡಿಯುವುದು ಇದರ ಗುಟ್ಟು. ಎರಡೂ ಗುರುತು ಕೂಡಿದರೆ ಇಡೀ ಅಂಡಚೀಲವೇ ಕೊಳೆಯುವ ಅಪಾಯವಿದೆ. ಗಾಯವಿಲ್ಲ, ಹುಳ ಬೀಳುವ ಭಯವಿಲ್ಲ. ಆದ್ದರಿಂದಲೇ ಮಳೆ ಹೆಚ್ಚಿರುವ ನಮ್ಮ ಕರಾವಳಿಗೆ ಇದು ಹೇಳಿ ಮಾಡಿಸಿದ ವಿಧಾನ. ಈಗ ಟಿಲ್ಲರು ಬಂದು ಎತ್ತುಗಳೇ ಕಡಿಮೆಯಾಗಿ ಇಕ್ಕಳಕ್ಕೆ ಕೆಲಸವೂ ಕಡಿಮೆಯಾಗಿದೆ ಎಂಬುದು ಬೇರೆ ಮಾತು.

ನಾಯಿಯ ಅಂಡಚೀಲ ಹೋರಿಯದರಂತೆ ಜೋಲುವುದಿಲ್ಲ, ಮೈಗೆ ಅಂಟಿಕೊಂಡಂತಿರುತ್ತದೆ. ಇಕ್ಕಳದ ಬಾಯಿಗೆ ನಾಳವಷ್ಟೇ ಸಿಗುವಂತೆ ಹಿಡಿಯುವುದು ಕಷ್ಟ, ನೋವೂ ಬಹಳ. ಹಾಗಾಗಿ ವಿಜ್ಞಾನಿಗಳು ನಾಯಿಗೆ ಇಕ್ಕಳವನ್ನು ಬಿಟ್ಟು ಸೂಜಿಯ ದಾರಿ ಹಿಡಿದರು. ಬೀಜದೊಳಕ್ಕೇ ಒಂದು ರಾಸಾಯನಿಕವನ್ನು ಚುಚ್ಚಿ, ವೀರ್ಯಾಣು ಹುಟ್ಟುವ ಅಂಗಾಂಶವನ್ನು ನಾಶಪಡಿಸುವುದು ಈ ವಿಧಾನದ ತಿರುಳು.

ಇವುಗಳಲ್ಲಿ ಎರಡು ಮುಖ್ಯ. ಮೊದಲನೆಯದು ಸತುವಿನ ಲವಣವಾದ ಜಿಂಕ್ ಗ್ಲುಕೊನೇಟ್. ಮೂರರಿಂದ ಹತ್ತು ತಿಂಗಳ ಗಂಡು ಮರಿಗಳಿಗೆ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2003ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಗಲಪಗೋಸ್ ದ್ವೀಪಸಮೂಹದ ಇಸಬೆಲಾ ದ್ವೀಪದಲ್ಲಿ 103 ನಾಯಿಗಳಿಗೆ ಈ ಮದ್ದು ಚುಚ್ಚಿ, ಶಸ್ತ್ರಕ್ರಿಯೆಯಾದ ನಾಯಿಗಳೊಡನೆ ಹೋಲಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ನಾಲ್ಕು ನಾಯಿಗಳಲ್ಲಿ ಚುಚ್ಚಿದ ಜಾಗ ಕೊಳೆತು ಹುಣ್ಣಾಗಿತ್ತು. ಪ್ರಮಾಣ ಸಣ್ಣದೇ ಇರಬಹುದು. ಆದರೆ ಚುಚ್ಚಿದ ಮರುಗಳಿಗೆಯೇ ಬೀದಿಗೆ ಬಿಡುವ ನಾಯಿಯ ಆ ಹುಣ್ಣನ್ನು ನೋಡುವವರಾರು? ಮುಂದೆ ಈ ಮದ್ದು ಬೇರೆ ಹೆಸರಿನಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿತಾದರೂ ಅಲ್ಲಿ ನೆಲೆ ನಿಲ್ಲಲಿಲ್ಲ.

ಎರಡನೆಯದು ಕ್ಯಾಲ್ಸಿಯಂ ಕ್ಲೋರೈಡ್. ಇದರಲ್ಲಿ ನಮ್ಮ ದೇಶದ ಪಾಲು ದೊಡ್ಡದು. ಪಶ್ಚಿಮ ಬಂಗಾಳದ ವಿಜ್ಞಾನಿಗಳಾದ ಜಾನಾ ಮತ್ತು ಸಮಂತ ಬೀದಿಯ ಗಂಡುನಾಯಿಗಳ ಮೇಲೆ ಬೇರೆ ಬೇರೆ ಪ್ರಮಾಣಗಳನ್ನು ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಒಂದೇ ಚುಚ್ಚುಮದ್ದಿನಿಂದ ವೀರ್ಯಾಣುಗಳ ಉತ್ಪತ್ತಿ ನಿಲ್ಲುವುದನ್ನು ಅವರು ತೋರಿಸಿಕೊಟ್ಟರು. ಇಟಲಿಯಲ್ಲಿ ನಡೆದು 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಈ ಲವಣವನ್ನು ನೀರಿನ ಬದಲು ಮದ್ಯಸಾರದಲ್ಲಿ ಶೇಕಡಾ 20ರಂತೆ ಕರಗಿಸಿದಾಗ ಫಲ ಉತ್ತಮವೆಂದು ಕಂಡುಬಂದಿತು. ಲವಣ ಅಗ್ಗ, ಎಲ್ಲಿಯೂ ಸಿಗುವಂಥದು. ಇದರ ಆಕರ್ಷಣೆಯೂ ಅದೇ, ಅಪಾಯವೂ ಅದೇ. ಅಗ್ಗದ ವಸ್ತುವನ್ನು ಬಾಟಲಿಯಲ್ಲಿ ಕದಡಿ ತಾವೇ ಚುಚ್ಚಿಬಿಡಬಹುದೆಂದು ಯಾರಿಗಾದರೂ ತೋರೀತು. ಮದ್ದು ಬೀಜದ ಹೊರಗೆ ಒಂದೆರಡು ಹನಿ ಸೋರಿದರೂ ಚರ್ಮ ಸುಟ್ಟು ಹುಣ್ಣಾಗುತ್ತದೆ. ಬೀಜದ ಅಗಲವನ್ನು ಅಳೆದು ಪ್ರಮಾಣ ನಿರ್ಧರಿಸಬೇಕು. ಪ್ರಾಣಿಗೆ ಮಂಪರು ಮತ್ತು ನೋವುಶಾಮಕ ಕೊಟ್ಟಿರಬೇಕು. ಇದು ಪಶುವೈದ್ಯರ ಕೈಯ ಕೆಲಸವೇ ಹೊರತು ಮನೆಮದ್ದಲ್ಲ. ಹಸುವಿನ ಹಾಲುಜ್ವರಕ್ಕೆ ಏರಿಸುವ ಕ್ಯಾಲ್ಸಿಯಂ ಬಾಟಲಿಗೂ ಇದಕ್ಕೂ ಸಂಬಂಧವಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಅದು ಬೋರೋಗ್ಲುಕೊನೇಟ್ ಎಂಬ ಬೇರೆಯೇ ಲವಣ.

ಎರಡು ಮದ್ದುಗಳಿಗೂ ಸಮಾನವಾದ ಇನ್ನೊಂದು ಗುಣವಿದೆ. ಬೀಜ ಮೈಯಲ್ಲೇ ಉಳಿಯುವುದರಿಂದ ಗಂಡಿನ ಹಾರ್ಮೋನು ಪೂರ್ತಿ ನಿಲ್ಲುವುದಿಲ್ಲ. ಮರಿ ಹುಟ್ಟಿಸದಿದ್ದರೂ ಅಂಥ ನಾಯಿ ಬೆದೆಯ ಹೆಣ್ಣನ್ನು ಅರಸಿ ಊರು ಸುತ್ತುವುದನ್ನೂ ಕಾದಾಡುವುದನ್ನೂ ಮುಂದುವರಿಸಬಹುದು.

ಗಂಡನ್ನು ತಡೆದರೆ ಸಾಲದೇಕೆ?

ಮದ್ದು ಸರಿಯಾಗಿಯೇ ಕೆಲಸ ಮಾಡಿತೆಂದು ಇಟ್ಟುಕೊಂಡರೂ ಅದರಿಂದ ಊರಿನ ನಾಯಿಗಳ ಸಂಖ್ಯೆ ಇಳಿಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಇದನ್ನು ರೈತರಿಗೆ ಪರಿಚಯವಿರುವ ಹಣ್ಣುನೊಣದ ಉದಾಹರಣೆಯಿಂದ ತಿಳಿಯಬಹುದು.

2023ರಲ್ಲಿ ಭೌಗೋಳಿಕ ಗುರುತು ಪಡೆದ ಅಂಕೋಲಾದ ಕರಿ ಈಶಾಡು ಮಾವಿನಂಥ ತಳಿಗಳ ತೋಟಗಳಲ್ಲಿ ಹಣ್ಣುನೊಣದ ಹತೋಟಿಗೆ ಮೀಥೈಲ್ ಯುಜಿನಾಲ್ ಬಲೆಗಳನ್ನು ತೂಗುಹಾಕಲು ಶಿಫಾರಸು ಮಾಡಲಾಗುತ್ತದೆ. ಈ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಒಬ್ಬ ರೈತ ತನ್ನ ತೋಟದಲ್ಲಿ ಒಂದೆರಡು ಬಲೆ ಕಟ್ಟಿ, ನೂರಾರು ನೊಣ ಬಿದ್ದಿರುವುದನ್ನು ಕಂಡು ಸಂತೋಷಪಟ್ಟರೂ ಹಣ್ಣಿನಲ್ಲಿ ಹುಳ ತಪ್ಪುವುದಿಲ್ಲ. ಉಳಿದ ಕೆಲವೇ ಗಂಡುಗಳು ಎಲ್ಲ ಹೆಣ್ಣುಗಳಿಗೂ ಸಾಕಾಗುತ್ತವೆ. ಇಡೀ ಸೀಮೆಯ ತೋಟಗಳಲ್ಲಿ ಏಕಕಾಲಕ್ಕೆ ಕಟ್ಟಿ, ಗಂಡುಗಳೇ ಇಲ್ಲವೆನ್ನುವಂತಾದಾಗ ಮಾತ್ರ ಬಲೆ ಫಲ ಕೊಡುತ್ತದೆ.

ಬಂಜೆಗೊಳಿಸಿದ ಗಂಡುಗಳನ್ನು ಬಿಟ್ಟು ಕೀಟವನ್ನು ಅಳಿಸಿದ ಉದಾಹರಣೆ ಇಲ್ಲವೇ ಎಂದು ವಿಸ್ತರಣಾ ಕಾರ್ಯಕರ್ತರು ಕೇಳಬಹುದು. ಇದೆ. ಜಾನುವಾರುಗಳ ಗಾಯದಲ್ಲಿ ಮೊಟ್ಟೆಯಿಡುವ ಸ್ಕ್ರೂವರ್ಮ್ ನೊಣವನ್ನು 1954ರಲ್ಲಿ ಕೆರಿಬಿಯನ್ ಸಮುದ್ರದ ಕುರಸಾವೋ ದ್ವೀಪದಲ್ಲಿ ಹೀಗೆಯೇ ನಿರ್ಮೂಲ ಮಾಡಿದರು. ಆದರೆ ಆ ಹೆಣ್ಣು ನೊಣ ಬಾಳಿನಲ್ಲಿ ಒಂದೇ ಸಲ ಕೂಡುವಂಥದು. ಬಂಜೆ ಗಂಡಿನೊಡನೆ ಕೂಡಿತೆಂದರೆ ಅದರ ವಂಶ ಅಲ್ಲಿಗೇ ಮುಗಿಯಿತು. ಹೆಣ್ಣುನಾಯಿಯ ರೀತಿಯೇ ಬೇರೆ. ಬೆದೆಯ ದಿನಗಳಲ್ಲಿ ಅದು ಹಲವು ಗಂಡುಗಳೊಡನೆ ಕೂಡುತ್ತದೆ. ಒಂದೇ ಸೂಲಿನ ಮರಿಗಳಿಗೆ ಎರಡು ಮೂರು ತಂದೆಗಳಿರುವುದೂ ಸಾಧ್ಯ. ಒಂದೇ ಸೂಲಿನಲ್ಲಿ ಕರಿ, ಕೆಂಚು, ಬಿಳಿ ಮರಿಗಳು ಹುಟ್ಟುವುದಕ್ಕೆ ಇದೂ ಒಂದು ಕಾರಣ.

ಲೆಕ್ಕ ಹಾಕಿ ನೋಡೋಣ. ಒಂದು ಮಜರೆಯಲ್ಲಿ 20 ಗಂಡು, 20 ಹೆಣ್ಣು ನಾಯಿಗಳಿವೆ. ಹೆಣ್ಣೊಂದಕ್ಕೆ ವರ್ಷಕ್ಕೆ ಎರಡು ಮರಿ ಬದುಕಿ ದೊಡ್ಡದಾಗುತ್ತವೆ ಎಂದಿಟ್ಟುಕೊಳ್ಳಿ. 15 ಗಂಡುನಾಯಿಗಳಿಗೆ ಮದ್ದು ಚುಚ್ಚಿದರೆ ಉಳಿದ ಐದು ಗಂಡುಗಳು 20 ಹೆಣ್ಣುಗಳಿಗೂ ಸಾಕು. ಹುಟ್ಟಿ ಉಳಿಯುವ ಮರಿಗಳು ಮೊದಲಿನಂತೆಯೇ 40. ಅದೇ 15 ಹೆಣ್ಣುನಾಯಿಗಳಿಗೆ ಸಂತಾನಹರಣವಾದರೆ ಮರಿ ಹಾಕುವವು ಐದು, ಉಳಿಯುವ ಮರಿಗಳು 10. ವಾಹನ, ಚಿರತೆ, ರೋಗಗಳಿಂದ ವರ್ಷಕ್ಕೆ ಅಷ್ಟೇ ನಾಯಿಗಳು ಸಾಯುತ್ತಿದ್ದರೆ ಸಂಖ್ಯೆ ಅಲ್ಲಿಗೇ ನಿಲ್ಲುತ್ತದೆ. ಇದು ಕಾಗದದ ಮೇಲಿನ ಲೆಕ್ಕ, ನಿಜ. ನಾಯಿ ಬೇರೆ ಊರಿನಿಂದಲೂ ಬರುತ್ತದೆ. ಆದರೂ ಸೂಜಿಮದ್ದು ಯಾವ ಲಿಂಗಕ್ಕೆ ಸುಲಭವೋ ಆ ಲಿಂಗದಿಂದ ಸಂಖ್ಯೆ ಇಳಿಯುವುದಿಲ್ಲ ಎಂಬ ತೊಡಕು ಇದರಿಂದ ಸ್ಪಷ್ಟವಾಗುತ್ತದೆ.

ಹೆಣ್ಣುನಾಯಿಗೆ ಸೂಜಿ ಇದೆಯೇ?

ಒಂದೇ ಸಲ ಕೊಟ್ಟು ಜೀವಮಾನವಿಡೀ ನಿಲ್ಲುವ, ಹೆಣ್ಣುನಾಯಿಗೆ ಹಾನಿ ಮಾಡದ ಸೂಜಿಮದ್ದು ಇನ್ನೂ ಬಳಕೆಗೆ ಬಂದಿಲ್ಲ. ಗಂಡು ಹೆಣ್ಣುಗಳೆರಡಕ್ಕೂ ಒದಗುವ ಅಂಥ ಮದ್ದನ್ನು ಕಂಡುಹಿಡಿದವರಿಗೆಂದು ಅಮೆರಿಕದಲ್ಲಿ 2008ರಲ್ಲಿ ಎರಡೂವರೆ ಕೋಟಿ ಡಾಲರುಗಳ ಮೈಕಲ್ಸನ್ ಬಹುಮಾನವನ್ನು ಸಾರಲಾಯಿತು. ಹದಿನೈದು ವರ್ಷ ಕಳೆದ ಮೇಲೂ ಅದನ್ನು ಯಾರೂ ಗೆದ್ದಿರಲಿಲ್ಲ.

ಆಶಾದಾಯಕ ಸುದ್ದಿ ಇಲ್ಲವೆಂದಲ್ಲ. ಸಿನ್ಸಿನಾಟಿ ಮೃಗಾಲಯದ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು ಆರು ಹೆಣ್ಣು ಬೆಕ್ಕುಗಳ ತೊಡೆಗೆ ಒಂದು ಜೀನನ್ನು ಹೊತ್ತ ಚುಚ್ಚುಮದ್ದು ಕೊಟ್ಟರು. ಗಂಡಿನೊಡನೆ ಬಿಟ್ಟಾಗಲೂ ಅವುಗಳಲ್ಲಿ ಒಂದೂ ಗರ್ಭ ಧರಿಸಲಿಲ್ಲವೆಂದು 2023ರಲ್ಲಿ ವರದಿಯಾಯಿತು. ಅದು ಬೆಕ್ಕಿನ ಮಾತು, ಆರು ಬೆಕ್ಕುಗಳ ಮಾತು. ಡೆಸ್ಲೊರೆಲಿನ್ ಎಂಬ ಕಡ್ಡಿಯಂಥ ಮದ್ದನ್ನು ಚರ್ಮದಡಿ ಇಟ್ಟು ಆರು ತಿಂಗಳು, ವರ್ಷ ಕಾಲ ಬೆದೆಯನ್ನು ತಡೆಯುವ ಪದ್ಧತಿಯೂ ವಿದೇಶಗಳಲ್ಲಿದೆ. ಬೆಲೆ ಹೆಚ್ಚು. ಅವಧಿ ಮುಗಿದ ಮೇಲೆ ಅದೇ ನಾಯಿಯನ್ನು ಮತ್ತೆ ಹಿಡಿಯಬೇಕು. ಗದ್ದೆಬಯಲಿನಲ್ಲಿ ತಿರುಗುವ ನಾಯಿಯನ್ನು ಎರಡನೆಯ ಸಲ ಹಿಡಿಯುವ ಕಷ್ಟ ಹಿಡಿದವರಿಗೇ ಗೊತ್ತು.

ಇದಕ್ಕಿಂತ ತುರ್ತಾಗಿ ಎಚ್ಚರಿಸಬೇಕಾದ ವಿಷಯ ಇನ್ನೊಂದಿದೆ. ಹೆಂಗಸರಿಗೆ ಕೊಡುವ ಮೂರು ತಿಂಗಳ ಗರ್ಭನಿರೋಧಕ ಚುಚ್ಚುಮದ್ದನ್ನು ಔಷಧದಂಗಡಿಯಿಂದ ತಂದು ಹೆಣ್ಣುನಾಯಿಗೆ ಹಾಕಿಸುವುದುಂಟು. ಇದು ಬೆದೆಯನ್ನು ಮುಂದಕ್ಕೆ ಹಾಕುತ್ತದೆ ನಿಜ. ಮತ್ತೆ ಮತ್ತೆ ಕೊಟ್ಟರೆ ಗರ್ಭಕೋಶದಲ್ಲಿ ಕೀವು ತುಂಬುವುದು, ಕೆಚ್ಚಲಿನಲ್ಲಿ ಗಡ್ಡೆ ಏಳುವುದು, ಸಕ್ಕರೆ ಕಾಯಿಲೆ ಇವು ತಲೆದೋರುತ್ತವೆ. ಕೀವು ತುಂಬಿದ ನಾಯಿಯನ್ನು ಉಳಿಸಲು ಕೊನೆಗೆ ಶಸ್ತ್ರಕ್ರಿಯೆಯನ್ನೇ ಮಾಡಬೇಕಾಗುತ್ತದೆ, ಅದೂ ನಾಯಿ ನಿತ್ರಾಣವಾದ ಸ್ಥಿತಿಯಲ್ಲಿ.

ಶಸ್ತ್ರಕ್ರಿಯೆಗೆ ಯಾವ ತಿಂಗಳು?

ಹೀಗಾಗಿ ಸದ್ಯಕ್ಕೆ ಹೆಣ್ಣುನಾಯಿಗೆ ಅಂಡಾಶಯ ಮತ್ತು ಗರ್ಭಕೋಶಗಳನ್ನು ತೆಗೆಯುವ ಶಸ್ತ್ರಕ್ರಿಯೆಯೇ ಗತಿ. ಆರು ತಿಂಗಳ ಪ್ರಾಯದ ಸುಮಾರಿಗೆ, ಮೊದಲ ಬೆದೆಗೆ ಮುನ್ನವೇ ಮಾಡಿಸಿದರೆ ಮುಂದೆ ಕೆಚ್ಚಲಿನ ಗಡ್ಡೆಯ ಸಂಭವವೂ ಬಹಳ ಕಡಿಮೆಯಾಗುತ್ತದೆ. ಮರಿ ಹಾಕಿದ ನಾಯಿಯಾದರೆ ಮರಿಗಳು ಹಾಲು ಬಿಡುವವರೆಗೆ ಕಾಯಬೇಕು.

ಕಾಲದ ಆಯ್ಕೆಯಲ್ಲಿ ಕರಾವಳಿಯ ರೈತರು ಒಂದು ಅಂಶವನ್ನು ಗಮನಿಸತಕ್ಕದ್ದು. ನಮ್ಮ ದೇಶದ ಊರನಾಯಿಗಳು ಹೆಚ್ಚಾಗಿ ಮಳೆಗಾಲದ ಉತ್ತರಾರ್ಧದಲ್ಲಿ ಬೆದೆಗೆ ಬಂದು, ಸುಮಾರು 63 ದಿನಗಳ ಗರ್ಭದ ನಂತರ ಚಳಿಗಾಲದ ಹೊತ್ತಿಗೆ ಮರಿ ಹಾಕುತ್ತವೆ. ಆದ್ದರಿಂದ ಸಂತಾನಹರಣ ಶ್ರಾವಣಕ್ಕೆ ಮುಂಚೆ ಮುಗಿದಿರಬೇಕು. ಆದರೆ ಜೂನ್, ಜುಲೈಗಳಲ್ಲಿ ಹೊಟ್ಟೆಯ ಹೊಲಿಗೆಯನ್ನು ಹತ್ತು ದಿನ ಒದ್ದೆಯಾಗದಂತೆ ಕಾಯುವುದು, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಕಾರವಾರದಲ್ಲಿ ಆಗದ ಮಾತು. ಏಪ್ರಿಲ್ ಮತ್ತು ಮೇ ತಿಂಗಳ ಮೊದಲ ಭಾಗವೇ ಪ್ರಶಸ್ತ. ಗದ್ದೆಯ ಕೆಲಸವೂ ಆಗ ಕಡಿಮೆ. ಪಂಚಾಯತಿಗಳು ಶಿಬಿರ ನಡೆಸುವುದಾದರೆ ಮಾರ್ಚ್ ತಿಂಗಳಲ್ಲೇ ಮನೆಮನೆಯ ಹೆಣ್ಣುನಾಯಿಗಳನ್ನು ಎಣಿಸಿ ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ಗಂಡುನಾಯಿಗಳ ಎಣಿಕೆ ಆಮೇಲಾದರೂ ನಡೆದೀತು.

ಶಸ್ತ್ರಕ್ರಿಯೆ ಸಾಧ್ಯವಾಗದ ಮನೆಯವರು ಬೆದೆಗೆ ಬಂದ ನಾಯಿಯನ್ನು ರಕ್ತ ಕಂಡ ದಿನದಿಂದ ಮೂರು ವಾರ ಬಾಗಿಲಿರುವ ಕೋಣೆಯಲ್ಲಿ ಇಡಬೇಕು. ಅಂಗಳದಲ್ಲಿ ಕಟ್ಟಿಹಾಕಿದರೆ ಊರಿನ ಗಂಡುಗಳಿಗೆ ಅನುಕೂಲವಾಗುವುದೇ ಹೊರತು ಬೇರೇನೂ ಆಗದು.

ಸಂತಾನಹರಣವಾದ ನಾಯಿ ಸೋಮಾರಿಯಾಗುತ್ತದೆ, ಹಂದಿ ಬಂದರೂ ಬೊಗಳುವುದಿಲ್ಲ ಎಂಬ ಭಾವನೆ ಕೃಷಿಕರಲ್ಲಿದೆ. ನಾಯಿಯ ಕಾವಲಿನ ಗುಣ ಬೀಜದಿಂದಲೋ ಅಂಡಾಶಯದಿಂದಲೋ ಬರುವಂಥದಲ್ಲ. ಬೆದೆಯ ಹಿಂದೆ ಮೂರು ಊರು ದಾಟಿ ಹೋಗದ ನಾಯಿ ರಾತ್ರಿ ತೋಟದಲ್ಲೇ ಇರುತ್ತದೆ. ಅನ್ನವನ್ನು ಮಾತ್ರ ಸ್ವಲ್ಪ ಕಡಿಮೆ ಮಾಡಬೇಕು, ಮೈ ಬರುವುದುಂಟು.

ಕಾನೂನಿನ ವಿಷಯ ಚಿಕ್ಕದಾಗಿ ಹೇಳಬೇಕೆಂದರೆ, 2001ರ ನಿಯಮಗಳ ಬದಲಿಗೆ 2023ರಲ್ಲಿ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಜಾರಿಗೆ ಬಂದವು. ಸಾಕುನಾಯಿಯ ಲಸಿಕೆ, ಸಂತಾನಹರಣಗಳ ಹೊಣೆ ಸಾಕಿದವರದು. ಬೀದಿನಾಯಿಗಳದು ಸ್ಥಳೀಯ ಸಂಸ್ಥೆಯದು. ಚಿಕಿತ್ಸೆಯಾದ ಬೀದಿನಾಯಿಯ ಕಿವಿಗೆ ಗುರುತು ಮಾಡಿ ಹಿಡಿದ ಜಾಗಕ್ಕೇ ಬಿಡಬೇಕೆಂಬುದು ನಿಯಮದ ತಿರುಳು. ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರ ಆದೇಶದಲ್ಲಿ ಹುಚ್ಚು ಹಿಡಿದ ಮತ್ತು ಆಕ್ರಮಣಕಾರಿಯಾದ ನಾಯಿಗಳನ್ನು ಇದರಿಂದ ಹೊರಗಿಟ್ಟಿತು. ವಿಷವಿಕ್ಕುವುದು ಅಪರಾಧ. ಸತ್ತ ನಾಯಿಯ ಜಾಗಕ್ಕೆ ಬೇರೆ ನಾಯಿ ಬರುವುದರಿಂದ ಅದು ಪ್ರಯೋಜನಕ್ಕೂ ಬಾರದು.

ಮೀನಿನ ತ್ಯಾಜ್ಯ

ಬೇರೆ ನಾಯಿ ಏಕೆ ಬರುತ್ತದೆ? ಅಲ್ಲಿ ತಿನ್ನಲು ಇರುವುದರಿಂದ. ಕಳೆಯನ್ನು ಕಿತ್ತು, ನೀರು ಗೊಬ್ಬರಗಳನ್ನು ಹಾಗೆಯೇ ಬಿಟ್ಟರೆ ಮತ್ತೆ ಕಳೆಯೇ ಬೆಳೆಯುವುದೆಂದು ರೈತರಿಗೆ ಹೇಳಬೇಕಾಗಿಲ್ಲ. ಬೈತಖೋಲ ಬಂದರು, ಕೇಣಿ, ಬೇಲೆಕೇರಿಯಂಥ ಕಡೆಗಳಲ್ಲಿ ಮೀನಿನ ತಲೆ, ಕರುಳು, ಮಾರಾಟವಾಗದ ಸಣ್ಣಮೀನು ದಡದಲ್ಲಿ ಬಿದ್ದಷ್ಟು ಕಾಲವೂ ನಾಯಿಗಳಿಗೆ ಸುಗ್ಗಿ. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆಯ ನಿಷೇಧದ 61 ದಿನಗಳಲ್ಲಿ ಆ ಆಹಾರ ಕಡಿಮೆಯಾದಾಗ ಹಸಿದ ನಾಯಿ ಕೋಳಿಗೂಡು, ಕರುಗಳ ಕಡೆ ತಿರುಗಿದರೆ ಆಶ್ಚರ್ಯವಿಲ್ಲ. ಆಗಸ್ಟಿನಲ್ಲಿ ದೋಣಿಗಳು ಮತ್ತೆ ಕಡಲಿಗಿಳಿಯುವ ಹೊತ್ತಿಗೇ ಬೆದೆಯ ಕಾಲವೂ ಬರುತ್ತದೆ. ಬಸಿರಿ ನಾಯಿಗೆ ಪುಷ್ಟಿಯಾದ ಊಟ ಒದಗುತ್ತದೆ. ದಡದ ನಾಯಿಗಳಿಂದ ಇನ್ನೊಂದು ನಷ್ಟವೂ ಇದೆ. ದೇವಬಾಗ, ಮಾಜಾಳಿಯ ಮರಳಿನಲ್ಲಿ ಕಡಲಾಮೆ ಇಟ್ಟ ಮೊಟ್ಟೆಗಳನ್ನು ಅವು ಬಗೆದು ತಿನ್ನುತ್ತವೆ. ಒಂದು ಗೂಡೆಂದರೆ ನೂರರಷ್ಟು ಮೊಟ್ಟೆ.

ಈ ತ್ಯಾಜ್ಯ ಎಸೆಯುವಂಥ ವಸ್ತುವಲ್ಲ, ಸಾರಜನಕ ಮತ್ತು ರಂಜಕಗಳಿಂದ ಕೂಡಿದ ಒಳ್ಳೆಯ ಗೊಬ್ಬರ. ತೆಂಗಿಗೆ ಮೀನಿನ ಗೊಬ್ಬರ ಹಾಕುವುದು ಕರಾವಳಿಯ ಹಳೆಯ ಪದ್ಧತಿಯೇ. ಮೇಲೆ ಚೆಲ್ಲಿ ಎರಡು ಬುಟ್ಟಿ ಮಣ್ಣು ಎಳೆಯುವುದರಿಂದ ನಾಯಿಗಳನ್ನು ತೋಟಕ್ಕೇ ಕರೆದಂತಾಗುತ್ತದೆ. ಬುಡದಿಂದ ದೂರದಲ್ಲಿ, ಪಾತಿಯ ಅಂಚಿನಲ್ಲಿ ಎರಡು ಅಡಿ ಆಳದ ಗುಂಡಿ ತೆಗೆದು, ತ್ಯಾಜ್ಯದ ಮೇಲೆ ದರಕು ಮತ್ತು ಒಂದಡಿಗೆ ಕಡಿಮೆಯಿಲ್ಲದಂತೆ ಮಣ್ಣು ಮುಚ್ಚಿ, ಮೇಲೆ ಚಿರೆಕಲ್ಲಿನ ತುಂಡುಗಳನ್ನೋ ಮುಳ್ಳನ್ನೋ ಹೇರಬೇಕು. ಮನೆಮಟ್ಟದ ಸಣ್ಣ ಪ್ರಮಾಣಕ್ಕೆ ಮೀನಿನ ತೂಕದಷ್ಟೇ ಬೆಲ್ಲ ಬೆರೆಸಿ ಮುಚ್ಚಳವಿರುವ ಡಬ್ಬದಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಕಾಲ ಕೊಳೆಸಿ, ಸೋಸಿ, ನೀರಿನಲ್ಲಿ ತೆಳುವಾಗಿಸಿ ತರಕಾರಿಗೆ ಸಿಂಪಡಿಸಬಹುದು. ಮುಚ್ಚಳ ಬಿಗಿಯಿಲ್ಲದಿದ್ದರೆ ನಾಯಿಯೇಕೆ, ನೆರೆಮನೆಯವರೂ ಬರುತ್ತಾರೆ, ಜಗಳಕ್ಕೆ.

ಹುಚ್ಚುನಾಯಿ ರೋಗದ ಲೆಕ್ಕ ಬೇರೆ

ಸಂತಾನಹರಣದಿಂದ ಮರಿ ನಿಲ್ಲುತ್ತದೆ, ರೇಬೀಸ್ ನಿಲ್ಲುವುದಿಲ್ಲ. ರೋಗಕ್ಕೆ ಲಸಿಕೆಯೇ ಬೇಕು. ಇದಕ್ಕೆ ನಿದರ್ಶನ ದೂರದಲ್ಲಿಲ್ಲ, ಮಾಜಾಳಿಯ ಗಡಿ ದಾಟಿದರೆ ಸಿಗುವ ಗೋವೆಯಲ್ಲೇ ಇದೆ. ಅಲ್ಲಿ ಸರ್ಕಾರ ಮತ್ತು ಮಿಷನ್ ರೇಬೀಸ್ ಸಂಸ್ಥೆ ಕೂಡಿ, ಕೈಯಿಂದ ಹಿಡಿದೂ ಬಲೆಯಿಂದ ಹಿಡಿದೂ, ವರ್ಷಕ್ಕೆ ಸುಮಾರು 95,000 ನಾಯಿಗಳಿಗೆ ಲಸಿಕೆ ಹಾಕುವ ಮಟ್ಟಕ್ಕೆ ಮುಟ್ಟಿದವು. ನಾಯಿಗಳಲ್ಲಿ ರೋಗದ ತಿಂಗಳ ಪ್ರಕರಣಗಳು ಶೇಕಡಾ 92ರಷ್ಟು ಇಳಿದುವೆಂದೂ 2018, 2019ರಲ್ಲಿ ರೇಬೀಸಿನಿಂದ ಮನುಷ್ಯರ ಸಾವು ಆಗಲಿಲ್ಲವೆಂದೂ 2022ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆಯಾದರೆ ರೋಗದ ಸರಪಳಿ ಕಡಿಯುತ್ತದೆಂಬುದು ಸಾಮಾನ್ಯ ಲೆಕ್ಕ. ಇಲ್ಲಿ ಗಂಡು ಹೆಣ್ಣಿನ ಭೇದವಿಲ್ಲ. ಶಸ್ತ್ರಕ್ರಿಯೆಗೆ ತಂದ ನಾಯಿಗೆ ಅದೇ ದಿನ ಲಸಿಕೆಯನ್ನೂ ಹಾಕಿಸಿ, ವರ್ಷಕ್ಕೊಮ್ಮೆ ಮರಳಿ ಹಾಕಿಸುತ್ತಿರಬೇಕು.

ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕೆಂಬುದು ಈಗ ಬಹಳ ಜನಕ್ಕೆ ತಿಳಿದಿದೆ. ತಿಳಿಯದಿರುವುದು ಹಸುವಿನ ವಿಷಯ. ಹುಚ್ಚುನಾಯಿ ಕಚ್ಚಿದ ಹಸು ಕೆಲವು ವಾರ ಅಥವಾ ತಿಂಗಳುಗಳ ನಂತರ ಮೇವು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಗೊಗ್ಗರು ದನಿಯಲ್ಲಿ ಮತ್ತೆ ಮತ್ತೆ ಕೂಗುತ್ತದೆ, ನೀರು ನುಂಗಲಾರದು. ನೋಡಿದವರಿಗೆ ಗಂಟಲಲ್ಲಿ ಮಾವಿನ ಗೊರಟೆಯೋ ಗೇರುಹಣ್ಣೋ ಸಿಕ್ಕಿಕೊಂಡಂತೆ ಕಾಣುತ್ತದೆ. ಮನೆಯ ಯಜಮಾನ ಬಾಯಿ ಅಗಲಿಸಿ ಮೊಣಕೈವರೆಗೆ ಕೈಹಾಕಿ ತಡಕುತ್ತಾನೆ. ಆ ಜೊಲ್ಲಿನಲ್ಲಿ ರೋಗಾಣುಗಳಿರುತ್ತವೆ, ಕೈಯಲ್ಲಿ ಹುಲ್ಲು ಕೊಯ್ದ ಗೀರುಗಳಿರುತ್ತವೆ. ಅಂಥ ಲಕ್ಷಣ ಕಂಡ ಹಸುವಿನ ಬಾಯಿಗೆ ಕೈಹಾಕದೆ, ಅದನ್ನು ಒಂಟಿಯಾಗಿ ಕಟ್ಟಿ, ಪಶುವೈದ್ಯರನ್ನು ಕರೆಸಬೇಕು. ಕೈಹಾಕಿ ಆಗಿದ್ದರೆ ಕೈಯನ್ನು ಸೋಪಿನಿಂದ ತೊಳೆದು, ಹಸು ಸಾಯುವುದೋ ಬದುಕುವುದೋ ಎಂದು ಕಾಯದೆ, ಅದೇ ದಿನ ತಾಲೂಕು ಆಸ್ಪತ್ರೆಗೆ ಹೋಗಿ ನಡೆದುದನ್ನು ಹೇಳಿ ಲಸಿಕೆ ಹಾಕಿಸಿಕೊಳ್ಳಬೇಕು.